ಒಂದು ದಿನದ ಪ್ರವಾಸದ ನಿಜವಾದ ಖರ್ಚು



ಪ್ರಥಮ ಪಿಯುಸಿ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದಿದೆ. ರಜೆ ಎಂದ ಕೂಡಲೇ ಮನೆಯ ಚಿಕ್ಕ ಮಕ್ಕಳು "ಎಲ್ಲಿಗೆ ಕರ್ಕೊಂಡು ಹೋಗ್ತೀರಾ?" ಎಂದು ಪೀಡಿಸಲು ಶುರುಮಾಡುತ್ತಾರೆ. ನಮ್ಮ ಮೈಸೂರಿನ ಸುತ್ತ ಒಂದೇ ದಿನದಲ್ಲಿ ಹೋಗಿ ಬರುವ ಜಾಗಗಳಿಗೆ ಕೊರತೆಯಿಲ್ಲ. ಬೇರೆ ಊರಿನವರು ಸಾವಿರಾರು ರೂಪಾಯಿ ಖರ್ಚು ಮಾಡಿ ನೋಡಲು ಬರುವ ಜಾಗಗಳು ನಮಗೆ ಬಸ್ಸಿನಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆಯ ದಾರಿ. ಆದರೂ ಮನೆಯವರೆಲ್ಲ ಸೇರಿ ಕೊನೆಯ ಸಲ ಹೊರಗೆ ಹೋಗಿದ್ದು ಯಾವಾಗ ಎಂದು ನನ್ನ ಗೆಳತಿಯರನ್ನು ಕೇಳಿದರೆ ಹೆಚ್ಚಿನವರಿಗೆ ನೆನಪೇ ಇರಲಿಲ್ಲ. ಕಾರಣ ಕೇಳಿದರೆ ಮೊದಲ ಉತ್ತರ "ದುಡ್ಡು", ಎರಡನೆಯ ಉತ್ತರ "ಅಬ್ಬಾಗೆ ರಜೆ ಇಲ್ಲ".

ನಾನು ವಾಣಿಜ್ಯ ವಿಭಾಗದವಳು. ಲೆಕ್ಕ ಬರೆಯುವುದು ನನಗೆ ಇಷ್ಟ. ಕಳೆದ ವರ್ಷ ಮತ್ತು ಈ ವರ್ಷ ನಮ್ಮ ಮನೆಯವರು ಹೋಗಿ ಬಂದ ಎರಡು ಪ್ರವಾಸಗಳ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಆ ಲೆಕ್ಕದಿಂದ ನನಗೆ ಗೊತ್ತಾದದ್ದನ್ನು ಇಲ್ಲಿ ಹೇಳುತ್ತೇನೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಕನ್ನಡದಲ್ಲಿ ಇಷ್ಟು ಉದ್ದದ ಲೇಖನ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ಕ್ಷಮಿಸಿ.

ಮೊದಲನೆಯ ಪ್ರವಾಸ: ಐದು ಜಾಗ, ಹದಿನಾಲ್ಕು ಜನ

ಕಳೆದ ವರ್ಷ ನನ್ನ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ಮೇಲೆ ಫುಪ್ಪಿಯ ಮನೆಯವರೂ ನಾವೂ ಸೇರಿ ಒಂದು ಟೆಂಪೋ ಟ್ರಾವೆಲರ್ ಬಾಡಿಗೆಗೆ ಮಾಡಿದೆವು. ಒಟ್ಟು 14 ಜನ. ವ್ಯಾನಿಗೆ ಕೊಡುವ ದುಡ್ಡು ಹೇಗೂ ಕೊಡುತ್ತೇವೆ, ಆದಷ್ಟು ಹೆಚ್ಚು ಜಾಗ ನೋಡಿಬಿಡೋಣ ಎಂದು ಐದು ಜಾಗಗಳ ಪಟ್ಟಿ ಮಾಡಿದೆವು. ಆ ಜಾಗಗಳ ಹೆಸರು ಇಲ್ಲಿ ಹೇಳುವುದಿಲ್ಲ, ಏಕೆಂದರೆ ತಪ್ಪು ಜಾಗಗಳದ್ದಲ್ಲ, ನಮ್ಮದು.

ಬೆಳಗ್ಗೆ 6ಕ್ಕೆ ಹೊರಡಬೇಕಾಗಿದ್ದವರು ಹೊರಟಾಗ 8.15. ಎರಡನೆಯ ಜಾಗ ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ನನ್ನ ತಮ್ಮನಿಗೆ ಆಗ ಆರು ವರ್ಷ. ಮೂರನೆಯ ಜಾಗದ ದಾರಿಯಲ್ಲಿ ಅವನು ಎರಡು ಸಲ ವಾಂತಿ ಮಾಡಿಕೊಂಡ. ದಾದಿಗೆ ಮಂಡಿನೋವು. ಐದರಲ್ಲಿ ಮೂರು ಜಾಗಗಳಲ್ಲಿ ಅವರು ವ್ಯಾನಿನಿಂದ ಇಳಿಯಲೇ ಇಲ್ಲ, "ನೀವು ನೋಡಿಕೊಂಡು ಬನ್ನಿ" ಎಂದು ಕಿಟಕಿ ಪಕ್ಕ ಕೂತಿದ್ದರು. ಅಮ್ಮಿ ಬೆಳಗ್ಗೆ ಚಹಾ ಕುಡಿದವರು ಆಮೇಲೆ ನೀರು ಕೂಡ ಕುಡಿಯಲಿಲ್ಲ. ಕೇಳಿದರೆ "ಬಾಯಾರಿಕೆ ಇಲ್ಲ" ಎಂದರು. ನಿಜ ಏನೆಂದರೆ ದಾರಿಯಲ್ಲಿ ಹೆಂಗಸರಿಗೆ ಶೌಚಾಲಯ ಎಲ್ಲಿ ಸಿಗುತ್ತದೆ ಎಂದು ಗೊತ್ತಿರಲಿಲ್ಲ, ಅದಕ್ಕೆ ನೀರೇ ಬೇಡ ಎಂದು ಅವರು ತೀರ್ಮಾನ ಮಾಡಿದ್ದರು. ಏಪ್ರಿಲ್ ಬಿಸಿಲು, ಮೈಮೇಲೆ ಬುರ್ಖಾ, ಹೊಟ್ಟೆಯಲ್ಲಿ ನೀರಿಲ್ಲ. ಮಾರನೆಯ ದಿನ ತಲೆನೋವು, ಜ್ವರ ಎಂದು ಎರಡು ದಿನ ಮಲಗಿದರು.

ರಾತ್ರಿ ಮನೆ ತಲುಪಿದಾಗ 11.15. ಅಂದಿನ ಲೆಕ್ಕ ಹೀಗಿದೆ:

ವ್ಯಾನಿನ ಬಾಡಿಗೆ, ಡ್ರೈವರ್ ಬಾಟಾ ಸೇರಿ: 5,500
ಹೋಟೆಲ್ ಊಟ: 2,100
ಟಿಕೆಟ್, ಪಾರ್ಕಿಂಗ್: 900
ನೀರಿನ ಬಾಟಲಿ, ಐಸ್‌ಕ್ರೀಂ, ಮಕ್ಕಳ ಆಟದ ಸಾಮಾನು: 1,300
ಒಟ್ಟು: 9,800 ರೂಪಾಯಿ. ತಲೆಗೆ 700.

ದುಡ್ಡಿನ ಲೆಕ್ಕ ಎಲ್ಲರೂ ಬರೆಯುತ್ತಾರೆ. ನಾನು ಹೊತ್ತಿನ ಲೆಕ್ಕವನ್ನೂ ಬರೆದೆ. ಹೊರಗಿದ್ದದ್ದು 15 ಗಂಟೆ. ಅದರಲ್ಲಿ ವ್ಯಾನಿನೊಳಗೆ ಕೂತದ್ದು ಸುಮಾರು 8 ಗಂಟೆ. ಪಾರ್ಕಿಂಗ್, ಟಿಕೆಟ್ ಕ್ಯೂ, ಹೋಟೆಲಿನಲ್ಲಿ ಟೇಬಲ್ ಖಾಲಿಯಾಗಲಿ ಎಂದು ಕಾದದ್ದು 3 ಗಂಟೆ. ನಿಜವಾಗಿ ಏನಾದರೂ ನೋಡಿದ್ದು, ಆಡಿದ್ದು 4 ಗಂಟೆ. ಅಂದರೆ ನೋಡಿದ ಒಂದೊಂದು ಗಂಟೆಗೆ ತಲೆಗೆ 175 ರೂಪಾಯಿ ಬಿತ್ತು. ದಾದಿಗೆ ಅದೂ ಸಿಗಲಿಲ್ಲ.

ಅಬ್ಬಾ ಯಾಕೆ ಬರುತ್ತಿರಲಿಲ್ಲ

ಆ ಪ್ರವಾಸಕ್ಕೆ ಅಬ್ಬಾ ಬರಲಿಲ್ಲ. ಅದಕ್ಕೂ ಹಿಂದಿನ ಮೂರು ವರ್ಷವೂ ಅವರು ನಮ್ಮ ಜೊತೆ ಎಲ್ಲಿಗೂ ಬಂದಿರಲಿಲ್ಲ. ಕರೆದರೆ "ನಕ್ಕೋ ಬೇಟಾ, ನೀವು ಹೋಗಿ ಬನ್ನಿ, ನನಗೆ ಕೆಲಸ ಇದೆ" ಎನ್ನುತ್ತಿದ್ದರು. ಅವರಿಗೆ ನಮ್ಮ ಜೊತೆ ಬರಲು ಇಷ್ಟವಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಒಂದೆರಡು ಸಲ ಅಮ್ಮಿಯ ಹತ್ತಿರ ಹಾಗೆ ಹೇಳಿಯೂ ಬಿಟ್ಟಿದ್ದೆ.

ಅಬ್ಬಾ ಮಾಡುವುದು ಬೀಟೆ ಮರದ ಇನ್‌ಲೇ ಕೆಲಸ. ಮೈಸೂರಿನ ಹಳೆಯ ಕಸುಬುಗಳಲ್ಲಿ ಇದೂ ಒಂದು. ಮರದ ಹಲಗೆಯ ಮೇಲೆ ಚಿತ್ರ ಬರೆದು, ಅಷ್ಟೇ ಆಳಕ್ಕೆ ಕೊರೆದು, ಬೇರೆ ಬೇರೆ ಬಣ್ಣದ ಮರದ ತೆಳು ತುಣುಕುಗಳನ್ನು ಅದೇ ಆಕಾರಕ್ಕೆ ಕತ್ತರಿಸಿ, ಅಂಟು ಹಾಕಿ ಕೂರಿಸಿ, ಉಜ್ಜಿ ಪಾಲಿಶ್ ಮಾಡುತ್ತಾರೆ. ಬಣ್ಣ ಬಳಿಯುವುದಿಲ್ಲ, ಮರದ ಬಣ್ಣವೇ ಬಣ್ಣ. ಕೂಲಿ ಪೀಸ್ ಲೆಕ್ಕದಲ್ಲಿ. ಕೂತು ಕೆಲಸ ಮಾಡಿದ ದಿನ ಸುಮಾರು 900 ರೂಪಾಯಿ, ಎದ್ದು ಹೋದ ದಿನ ಏನೂ ಇಲ್ಲ.

ಈ ವರ್ಷ ಅರ್ಥಶಾಸ್ತ್ರದ ತರಗತಿಯಲ್ಲಿ ಮೇಡಂ ಒಮ್ಮೆ ಅವಕಾಶ ವೆಚ್ಚ ಎಂದರೇನು ಎಂದು ವಿವರಿಸಿದರು. ನಾವು ಒಂದನ್ನು ಆರಿಸಿಕೊಂಡಾಗ ಇನ್ನೊಂದನ್ನು ಬಿಡಬೇಕಾಗುತ್ತದೆ. ಬಿಟ್ಟದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದರ ಬೆಲೆ ಎಷ್ಟೋ ಅದೇ ಅವಕಾಶ ವೆಚ್ಚ. ಅದಕ್ಕೆ ರಸೀದಿ ಇರುವುದಿಲ್ಲ, ಜೇಬಿನಿಂದ ದುಡ್ಡು ಹೋಗುವುದಿಲ್ಲ, ಆದರೆ ಖರ್ಚು ನಿಜ. ಮೇಡಂ ರೈತರ ಉದಾಹರಣೆ ಕೊಟ್ಟರು: ಒಂದೇ ಹೊಲದಲ್ಲಿ ಭತ್ತ ಬೆಳೆದರೆ ಕಬ್ಬು ಬೆಳೆಯಲಾಗುವುದಿಲ್ಲ, ಕಬ್ಬಿನಿಂದ ಬರಬಹುದಾಗಿದ್ದ ಹಣ ಭತ್ತದ ಅವಕಾಶ ವೆಚ್ಚ.

ನನಗೆ ಆ ಕ್ಷಣ ಅಬ್ಬಾ ನೆನಪಾದರು. ಕಳೆದ ವರ್ಷದ ಲೆಕ್ಕದಲ್ಲಿ ನಾನು ಐಸ್‌ಕ್ರೀಂ ಬರೆದಿದ್ದೆ, ಪಾರ್ಕಿಂಗ್ ಬರೆದಿದ್ದೆ. ಅಬ್ಬಾ ಬಂದಿದ್ದರೆ ಅವರ ಪಾಲಿನ 700 ರೂಪಾಯಿಯ ಜೊತೆಗೆ 900 ರೂಪಾಯಿ ಕೂಲಿಯೂ ಹೋಗುತ್ತಿತ್ತು. ಅವರೊಬ್ಬರ ಪ್ರವಾಸಕ್ಕೆ 1,600. ಅವರು ಪ್ರತಿ ಸಲ "ಕೆಲಸ ಇದೆ" ಎಂದದ್ದು ಈ ಲೆಕ್ಕವನ್ನೇ. ಅದನ್ನು ಅವರು ಮನಸ್ಸಿನಲ್ಲೇ ಮಾಡುತ್ತಿದ್ದರು, ನಾನು ಪುಸ್ತಕದಲ್ಲಿ ಬರೆದಿರಲಿಲ್ಲ, ಅಷ್ಟೇ.

ಎರಡನೆಯ ಪ್ರವಾಸ: ಶ್ರೀರಂಗಪಟ್ಟಣ, ಅರ್ಧ ದಿನ

ಹಾಗಾಗಿ ಈ ಸಲ ನಾನು ಲೆಕ್ಕವನ್ನು ಮೊದಲೇ ಬರೆದೆ. ಅರ್ಧ ದಿನದ ಪ್ರವಾಸ, ಒಂದೇ ಊರು, ಬಸ್ಸಿನಲ್ಲಿ. ಬೆಳಗ್ಗೆ ಬೇಗ ಹೋಗಿ ಜೊಹರ್ ನಮಾಜಿನ ಹೊತ್ತಿಗೆ ಮನೆಯಲ್ಲಿರಬೇಕು. ಮಧ್ಯಾಹ್ನ ಎರಡಕ್ಕೆ ಅಬ್ಬಾ ಕೆಲಸಕ್ಕೆ ಕೂತರೆ ಅರ್ಧ ಕೂಲಿ ಉಳಿಯುತ್ತದೆ. ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ "ಅಬ್ಬಾ ಅರ್ಧ ದಿನದ ಕೂಲಿ 450" ಎಂದು ಬರೆದು ಹಾಳೆಯನ್ನು ಅವರ ಮುಂದೆ ಇಟ್ಟೆ. ಅವರು ಎರಡು ಸಲ ನೋಡಿದರು. "ನನ್ನ ಕೂಲಿಯನ್ನೂ ಬರೆದಿದ್ದೀಯಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಬುಧವಾರ ಹೋಗೋಣ, ಜನ ಕಡಿಮೆ ಇರುತ್ತಾರೆ" ಎಂದರು.

ಶ್ರೀರಂಗಪಟ್ಟಣ ಮೈಸೂರಿನಿಂದ ಸುಮಾರು 15 ಕಿಲೋಮೀಟರ್. ಕಾವೇರಿ ನದಿ ಎರಡು ಕವಲಾಗಿ ಹರಿದು ಊರನ್ನು ಸುತ್ತುವರಿದು ಮತ್ತೆ ಸೇರುತ್ತದೆ, ಹಾಗಾಗಿ ಅದೊಂದು ದ್ವೀಪ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ರಾಜಧಾನಿ. ಮೈಸೂರಿನಿಂದ ಬಸ್ಸುಗಳು ಬೇಕಾದಷ್ಟಿವೆ, ಪ್ಯಾಸೆಂಜರ್ ರೈಲೂ ನಿಲ್ಲುತ್ತದೆ.

ಬಸ್ಸನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡರೆ ಸಾಕು. ನಾವು ಆರು ಜನ: ಅಬ್ಬಾ, ಅಮ್ಮಿ, ದಾದಿ, ನಾನು, ಹನ್ನೆರಡು ವರ್ಷದ ತಂಗಿ, ಏಳು ವರ್ಷದ ತಮ್ಮ. ಟಿಕೆಟ್ ಬಿದ್ದದ್ದು ಅಬ್ಬಾಗೆ ಪೂರ್ತಿ, ತಮ್ಮನಿಗೆ ಅರ್ಧ, ಅಷ್ಟೇ. ನಾಲ್ಕು ಜನ ಹೆಂಗಸರಿರುವ ಮನೆಗೆ ವ್ಯಾನ್ ಬಾಡಿಗೆ ಮಾಡುವುದು ಎಷ್ಟು ನಷ್ಟ ಎಂದು ಆಗ ಅರ್ಥವಾಯಿತು.

ಮನೆ ಬಿಟ್ಟದ್ದು 6.45ಕ್ಕೆ. ಎಂಟಕ್ಕೆಲ್ಲ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಿಂದ ಆಟೋ ಮಾಡಿಕೊಂಡು ಗುಂಬಜ್ ತಲುಪಿದೆವು. ಆಟೋದವರ ಹತ್ತಿರ ಮೊದಲೇ ಮಾತಾಡಿಕೊಂಡೆವು: ಮೂರು ಜಾಗ, ಪ್ರತಿ ಜಾಗದಲ್ಲೂ ಕಾಯಬೇಕು, ಕೊನೆಗೆ ಬಸ್ ಸ್ಟ್ಯಾಂಡಿಗೆ ಬಿಡಬೇಕು. ದಾದಿಗೆ ಬಾಗಿಲಿನ ತನಕ ಆಟೋ ಬಂತು, ಹೆಚ್ಚು ನಡೆಯಬೇಕಾಗಲಿಲ್ಲ.

ಗುಂಬಜ್ ಎಂದರೆ ಗುಮ್ಮಟ. ಹೈದರ್ ಅಲಿ 1782ರಲ್ಲಿ ತೀರಿಕೊಂಡ ಮೇಲೆ ಟಿಪ್ಪು ಕಟ್ಟಿಸಿದ ಸಮಾಧಿ ಇದು. ಒಳಗೆ ಹೈದರ್ ಅಲಿ, ಟಿಪ್ಪುವಿನ ತಾಯಿ ಫಕ್ರುನ್ನಿಸಾ ಬೇಗಂ, 1799ರ ಮೇ 4ರಂದು ಯುದ್ಧದಲ್ಲಿ ಮಡಿದ ಟಿಪ್ಪು, ಮೂವರ ಸಮಾಧಿಗಳಿವೆ. ಒಳಗೋಡೆಯ ಮೇಲೆ ಹುಲಿಪಟ್ಟೆಯ ಬಣ್ಣ. ಸುತ್ತ ಪಡಸಾಲೆಗೆ ಹೊಳೆಯುವ ಕರಿಕಲ್ಲಿನ ಕಂಬಗಳು, ಎಷ್ಟಿವೆ ಎಂದು ಎಣಿಸಲು ತಮ್ಮನಿಗೆ ಹೇಳಿದೆವು. ಎರಡು ಸಲ ಸುತ್ತಿ ಬಂದು "36" ಎಂದ, ಲೆಕ್ಕ ಸರಿಯಾಗಿತ್ತು. ಒಳಗೆ ಹೋಗಲು ಟಿಕೆಟ್ ಇಲ್ಲ. ಬೆಳಗಿನ ಹೊತ್ತು ತೋಟದಲ್ಲಿ ತಂಪು.

ದಾದಿ ಮತ್ತು ಅಮ್ಮಿ ಒಳಗೆ ಹೋಗಿ ಫಾತಿಹಾ ಓದಿದರು. ಅಬ್ಬಾ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಗುಂಬಜ್‌ನ ಬಾಗಿಲುಗಳು ಕರಿಮರದವು, ಅದರಲ್ಲಿ ಆನೆದಂತದ ಕುಸುರಿ ಕೂರಿಸಿದ್ದಾರೆ. ಲಾರ್ಡ್ ಡಾಲ್‌ಹೌಸಿ ಕೊಟ್ಟ ಬಾಗಿಲುಗಳು ಎಂದು ಹೇಳುತ್ತಾರೆ. ಅಬ್ಬಾ ಮುಖವನ್ನು ಬಾಗಿಲಿಗೆ ಹತ್ತಿರ ತಂದು ನೋಡುತ್ತಿದ್ದರು, ಮುಟ್ಟಲಿಲ್ಲ. ಆಮೇಲೆ ನಮ್ಮನ್ನು ಕರೆದು ತೋರಿಸಿದರು. ಕೊರೆತ ಎಲ್ಲಿಂದ ಶುರುವಾಗಿರಬೇಕು, ಬಳ್ಳಿ ತಿರುಗುವ ಕಡೆ ತುಣುಕನ್ನು ಒಂದೇ ಆಗಿ ಕತ್ತರಿಸಿದ್ದಾರೋ ಎರಡು ಸೇರಿಸಿದ್ದಾರೋ ಹೇಗೆ ತಿಳಿಯುತ್ತದೆ, ಮೂಲೆ ಕೂರಿಸುವುದು ಯಾಕೆ ಎಲ್ಲಕ್ಕಿಂತ ಕಷ್ಟ. ತಮ್ಮ ಕೇಳಿದ: "ಅಬ್ಬಾ, ಇದು ನೀವು ಮಾಡಿದ್ದಾ?" ಅಬ್ಬಾ ನಕ್ಕರು. "ಇಲ್ಲ ಬೇಟಾ. ಕೈಗೆ ಈ ಕೆಲಸ ಬರುತ್ತೆ. ಆದರೆ ದಂತ ಈಗ ಮುಟ್ಟೋ ಹಾಗಿಲ್ಲ, ಆನೆ ಕೊಲ್ಲಬಾರದು ಅಂತ ಕಾನೂನಿದೆ. ಅದಕ್ಕೇ ನಾವು ಬಿಳಿ ಮರ ಹುಡುಕ್ತೀವಿ."

ಹದಿನೇಳು ವರ್ಷದಿಂದ ನಾನು ಅವರ ಮಗಳು. ಅವರ ಕೆಲಸದ ಬಗ್ಗೆ ಇಷ್ಟು ಹೊತ್ತು ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮನೆಗೆ ಬರುವಾಗ ಅವರು ಸುಸ್ತಾಗಿರುತ್ತಾರೆ, ನಾವು ಕೇಳುವುದೂ ಇಲ್ಲ.

ಅಲ್ಲಿಂದ ಹತ್ತಿರದಲ್ಲೇ ಸಂಗಮ, ಕಾವೇರಿಯ ಕವಲುಗಳು ಮತ್ತೆ ಕೂಡುವ ಜಾಗ. ಮರದ ನೆರಳಿನಲ್ಲಿ ಚಾಪೆ ಹಾಸಿ ಮನೆಯಿಂದ ತಂದ ಪರಾಠ, ಆಲೂಗಡ್ಡೆ ಪಲ್ಯ, ಸೌತೆಕಾಯಿ ತಿಂದೆವು. ಬಿರಿಯಾನಿ ಬೇಕು ಎಂದು ತಂಗಿ ಹಟ ಮಾಡಿದ್ದಳು, ಅಮ್ಮಿ ಒಪ್ಪಲಿಲ್ಲ. ಬೇಸಿಗೆಯಲ್ಲಿ ಮಾಂಸದ ಅಡುಗೆ ಡಬ್ಬಿಯೊಳಗೆ ನಾಲ್ಕೈದು ಗಂಟೆ ಇದ್ದರೆ ಕೆಡುತ್ತದೆ. ನೀರಿಗೆ ಇಳಿಯಲು ಮಾತ್ರ ಯಾರನ್ನೂ ಬಿಡಲಿಲ್ಲ, ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಮೂರನೆಯದು ದರಿಯಾ ದೌಲತ್. ಉರ್ದುವಿನಲ್ಲಿ ದರಿಯಾ ಎಂದರೆ ನದಿ, ಸಮುದ್ರ ಎಂಬ ಅರ್ಥವೂ ಇದೆ. ದೌಲತ್ ಎಂದರೆ ಸಂಪತ್ತು. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಇದು. ಬೇಸಿಗೆಯಲ್ಲಿ ಬೇಸಿಗೆ ಅರಮನೆಗೆ ಹೋಗುವುದರಲ್ಲಿ ಒಂದು ಅರ್ಥವಿದೆ: ಹೆಚ್ಚಿನ ಭಾಗ ಮರದ್ದು, ಸುತ್ತಲೂ ಅಗಲವಾದ ಪಡಸಾಲೆ, ಬಿಸಿಲು ಒಳಗೆ ಬೀಳದಂತೆ ಇಳಿಬಿಟ್ಟ ಪರದೆಗಳು. ಹೊರಗೆ ಸುಡುತ್ತಿದ್ದರೂ ಒಳಗೆ ತಂಪಾಗಿತ್ತು. ಪಶ್ಚಿಮದ ಗೋಡೆಯ ತುಂಬ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೈಲಿಯ ಇಂಗ್ಲಿಷ್ ಸೈನ್ಯವನ್ನು ಸೋಲಿಸಿದ ಯುದ್ಧ ಅದು. ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿ ಕೂತಿರುವುದನ್ನು ತಂಗಿ ಹುಡುಕಿ ತೋರಿಸಿದಳು. ಇದು ಪುರಾತತ್ವ ಇಲಾಖೆಯ ಸ್ಮಾರಕ, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನಾವು ನಾಲ್ಕು ಜನ ದೊಡ್ಡವರು ತಲೆಗೆ 25ರಂತೆ ಕೊಟ್ಟೆವು.

ಮಧ್ಯಾಹ್ನ 1.15ಕ್ಕೆ ಮನೆಯಲ್ಲಿದ್ದೆವು. ಎರಡಕ್ಕೆ ಅಬ್ಬಾ ಕೆಲಸಕ್ಕೆ ಹೋದರು.

ಲೆಕ್ಕ ಹೋಲಿಸಿದಾಗ

ಮನೆಯಿಂದ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ವಾಪಸ್ ಆಟೋ: 160
ಬಸ್ ಟಿಕೆಟ್, ಹೋಗಿ ಬರಲು: 90
ಶ್ರೀರಂಗಪಟ್ಟಣದಲ್ಲಿ ಆಟೋ: 400
ದರಿಯಾ ದೌಲತ್ ಟಿಕೆಟ್: 100
ತಿಂಡಿಗೆ ಹೆಚ್ಚಿಗೆ ತಂದ ಸಾಮಾನು: 200
ಎಳನೀರು, ಕಬ್ಬಿನ ಹಾಲು: 150
ಕೈಯಿಂದ ಹೋದದ್ದು: 1,100 ರೂಪಾಯಿ
ಅಬ್ಬಾ ಅರ್ಧ ದಿನದ ಕೂಲಿ: 450
ಒಟ್ಟು: 1,550 ರೂಪಾಯಿ

ತಲೆಗೆ ಸುಮಾರು 258. ಹೊರಗಿದ್ದದ್ದು ಆರೂವರೆ ಗಂಟೆ, ಅದರಲ್ಲಿ ಪ್ರಯಾಣ 2 ಗಂಟೆ, ಉಳಿದ ನಾಲ್ಕೂವರೆ ಗಂಟೆ ನೋಡಿದ್ದು, ತಿಂದದ್ದು, ಮಾತಾಡಿದ್ದು. ಗಂಟೆಗೆ ತಲೆಗೆ ಸುಮಾರು 57 ರೂಪಾಯಿ. ಕಳೆದ ವರ್ಷ 175. ಅಬ್ಬಾ ಕೂಲಿಯನ್ನು ಸೇರಿಸಿಯೂ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಕಳೆದ ವರ್ಷ 15 ಗಂಟೆ ಸುತ್ತಿ ನೋಡಿದ್ದು 4 ಗಂಟೆ, ಈ ವರ್ಷ ಅದರ ಅರ್ಧಕ್ಕಿಂತ ಕಡಿಮೆ ಹೊತ್ತು ಹೊರಗಿದ್ದು ನೋಡಿದ್ದು ನಾಲ್ಕೂವರೆ ಗಂಟೆ. ಜಾಗ ಕಡಿಮೆ ಮಾಡಿದರೆ ನೋಟ ಕಡಿಮೆಯಾಗುವುದಿಲ್ಲ, ದಾರಿ ಕಡಿಮೆಯಾಗುತ್ತದೆ.

ದರಗಳು ಬದಲಾಗುತ್ತವೆ, ನಿಮ್ಮ ಮನೆಯ ಜನರ ಸಂಖ್ಯೆ ಬೇರೆ ಇರುತ್ತದೆ. ಆದ್ದರಿಂದ ನನ್ನ ಅಂಕಿಗಳನ್ನು ನಕಲು ಮಾಡಬೇಡಿ, ವಿಧಾನವನ್ನು ಮಾತ್ರ ತೆಗೆದುಕೊಳ್ಳಿ. ಕೈಯಿಂದ ಹೋಗುವ ದುಡ್ಡು, ಬಿಟ್ಟುಹೋಗುವ ಕೂಲಿ, ದಾರಿಯಲ್ಲಿ ಕಳೆಯುವ ಹೊತ್ತು, ಈ ಮೂರನ್ನೂ ಬರೆಯಿರಿ.

ಇನ್ನೂ ಕೆಲವು ಅರ್ಧ ದಿನದ ಜಾಗಗಳು

ರಂಗನತಿಟ್ಟು ಪಕ್ಷಿಧಾಮ: ಶ್ರೀರಂಗಪಟ್ಟಣದ ಹತ್ತಿರವೇ ಇದೆ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಕೊಕ್ಕರೆಗಳ ಗೂಡು, ಮರಿ ನೋಡಬಹುದು. ದೋಣಿಯಲ್ಲಿ ಕೂತೇ ನೋಡುವುದರಿಂದ ಹಿರಿಯರಿಗೂ ಕಷ್ಟವಿಲ್ಲ. ಬಂಡೆಗಳ ಮೇಲೆ ಮೊಸಳೆ ಮಲಗಿರುತ್ತದೆ, ಮಕ್ಕಳಿಗೆ ಅದೇ ಖುಷಿ. ಬೆಳಗ್ಗೆ ಬೇಗ ಹೋಗಬೇಕು. ದೋಣಿಗೆ ಬೇರೆ ಟಿಕೆಟ್, ಆರು ಜನ ಎಂದರೆ ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಗುಂಬಜ್ ಮತ್ತು ರಂಗನತಿಟ್ಟು ಎರಡನ್ನೂ ಒಂದೇ ಅರ್ಧ ದಿನದಲ್ಲಿ ತುರುಕಬೇಡಿ.

ಮೃಗಾಲಯ, ಕಾರಂಜಿ ಕೆರೆ: ಊರೊಳಗೇ ಇರುವುದರಿಂದ ಪ್ರಯಾಣದ ಖರ್ಚು ಬಹಳ ಕಡಿಮೆ. 1892ರಲ್ಲಿ ಶುರುವಾದ ಮೃಗಾಲಯದಲ್ಲಿ ಬಹಳ ನಡೆಯಬೇಕು. ಬ್ಯಾಟರಿ ಗಾಡಿ ಇದೆ, ಅದಕ್ಕೆ ದುಡ್ಡು ಬೇರೆ. ಪಕ್ಕದ ಕಾರಂಜಿ ಕೆರೆಯಲ್ಲಿ ನೆರಳು, ದೋಣಿ, ನಾವೇ ಒಳಗೆ ನಡೆದು ನೋಡುವ ಪಕ್ಷಿಗಳ ಪಂಜರ. ಒಂದು ದಿನಕ್ಕೆ ಒಂದೇ ಸಾಕು. ಎರಡಕ್ಕೂ ಸಾಮಾನ್ಯವಾಗಿ ಮಂಗಳವಾರ ರಜೆ.

ರೈಲ್ವೆ ಮ್ಯೂಸಿಯಂ: ರೈಲ್ವೆ ಸ್ಟೇಷನ್ ಹತ್ತಿರ, 1979ರಲ್ಲಿ ಆರಂಭ. ಹಳೆಯ ಉಗಿ ಎಂಜಿನ್, ಮಹಾರಾಣಿಯ ಸಲೂನ್ ಗಾಡಿ, ಮಕ್ಕಳ ಪುಟಾಣಿ ರೈಲು ಇವೆ. ಎರಡು ಗಂಟೆಯಲ್ಲಿ ಮುಗಿಯುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಕಡಿಮೆ ಖರ್ಚಿನ ಜಾಗ.

ಕೆಆರ್‌ಎಸ್ ಬೃಂದಾವನ: ಇದು ಬೆಳಗಿನದಲ್ಲ, ಸಂಜೆಯ ಪ್ರವಾಸ. ಕತ್ತಲಾದ ಮೇಲೆ ಸಂಗೀತ ಕಾರಂಜಿ ಶುರುವಾಗುತ್ತದೆ. ಹಗಲು ಕೂಲಿ ಮಾಡುವವರು ಅಂದು ಒಂದು ಗಂಟೆ ಬೇಗ ಎದ್ದರೆ ಸಾಕು, ನಷ್ಟ ಕಡಿಮೆ. ಆದರೆ ಮೆಟ್ಟಿಲು, ನಡಿಗೆ ಜಾಸ್ತಿ, ಭಾನುವಾರ ಜನಜಂಗುಳಿ. ವಾಪಸ್ ಬರುವ ಬಸ್ಸು ಎಷ್ಟು ಗಂಟೆಯವರೆಗೆ ಇದೆ ಎಂದು ಹೋಗುವಾಗಲೇ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ.

ಸೋಮನಾಥಪುರ: ಸುಮಾರು 35 ಕಿಲೋಮೀಟರ್. ಹೊಯ್ಸಳ ದೇವಾಲಯ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಲ್ಲಿನ ಕುಸುರಿ ನೋಡಲು ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಅಬ್ಬಾಗೆ ತೋರಿಸಬೇಕೆಂದು ನನಗೆ ಆಸೆಯಿದೆ. ಚಪ್ಪಲಿ ಬಿಟ್ಟು ನಡೆಯಬೇಕು, ಹನ್ನೊಂದರ ಮೇಲೆ ಕಲ್ಲು ಕಾಲು ಸುಡುತ್ತದೆ. ನೇರ ಬಸ್ಸು ಕಡಿಮೆ, ಬನ್ನೂರಿನಲ್ಲಿ ಬದಲಿಸಬೇಕಾಗಬಹುದು.

ಅರಮನೆಯ ದೀಪ: ದುಡ್ಡೇ ಇಲ್ಲದಿದ್ದರೂ ಚಿಂತೆಯಿಲ್ಲ. ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಸುತ್ತಾರೆ. ಬೇಲಿಯ ಹೊರಗೆ ನಿಂತರೂ ಕಾಣುತ್ತದೆ.

ಬೇಸಿಗೆಯಲ್ಲಿ ಬೇಡ ಎನ್ನುವಂಥವೂ ಇವೆ. ಶಿವನಸಮುದ್ರದ ಜಲಪಾತ ದೊಡ್ಡದು ನಿಜ, 1902ರಲ್ಲಿ ಅಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗಿತ್ತು. ಆದರೆ ಏಪ್ರಿಲ್‌ನಲ್ಲಿ ನೀರು ಕಡಿಮೆ, ಬರೀ ಬಂಡೆ ನೋಡಿ ಬರಬೇಕಾದೀತು. ಮಳೆಗಾಲದಲ್ಲಿ ಹೋಗುವುದು ಒಳ್ಳೆಯದು. ತಲಕಾಡಿನ ಮರಳಿನ ಮೇಲೆ ಮಧ್ಯಾಹ್ನ ನಡೆಯಲಾಗುವುದಿಲ್ಲ.

ಹೊರಡುವ ಮುನ್ನ

ಮನೆಯಲ್ಲಿ ಯಾರು ಎಲ್ಲರಿಗಿಂತ ನಿಧಾನವಾಗಿ ನಡೆಯುತ್ತಾರೋ ಅವರಿಗೆ ತಕ್ಕಂತೆ ಜಾಗ ಆರಿಸಿ. ಅವರು ನೋಡಲಾಗದ ಜಾಗಕ್ಕೆ ಅವರನ್ನು ಕರೆದುಕೊಂಡು ಹೋಗಿ ವ್ಯಾನಿನಲ್ಲಿ ಕೂರಿಸಬೇಡಿ.

ಅಮ್ಮಿ ನೀರು ಕುಡಿಯುತ್ತಿದ್ದಾರಾ ನೋಡಿ. ಟಿಕೆಟ್ ಇರುವ ಸ್ಮಾರಕ, ಉದ್ಯಾನಗಳಲ್ಲಿ ಸಾಮಾನ್ಯವಾಗಿ ಶೌಚಾಲಯ ಇರುತ್ತದೆ. ಎಲ್ಲಿದೆ ಎಂದು ನೀವು ಮೊದಲೇ ಕೇಳಿ ತಿಳಿದುಕೊಂಡು ಅವರಿಗೆ ಹೇಳಿ. ಈ ಸಲ ನಾನು ಪ್ರತಿ ಜಾಗದಲ್ಲೂ ಇಳಿದ ಕೂಡಲೇ ಆ ಕೆಲಸ ಮಾಡಿದೆ. ಅಮ್ಮಿ ಒಂದು ಲೀಟರ್ ಬಾಟಲಿಯನ್ನು ಒಬ್ಬರೇ ಖಾಲಿ ಮಾಡಿದರು.

ಏಳಕ್ಕೆ ಮೊದಲು ಹೊರಡಿ, ಒಂದರೊಳಗೆ ಬನ್ನಿ. ಏಪ್ರಿಲ್ ಕೊನೆಯಿಂದ ಸಂಜೆ ಗುಡುಗು ಮಳೆ ಬರುವುದೂ ಉಂಟು, ಬೆಳಗ್ಗೆ ಹೋದವರಿಗೆ ಬಿಸಿಲಿನಿಂದಲೂ ಮಳೆಯಿಂದಲೂ ರಕ್ಷಣೆ.

ಕಾವೇರಿಯ ನೀರಿಗೆ ಇಳಿಯಬೇಡಿ. ಬೇಸಿಗೆಯಲ್ಲಿ ನೀರು ಮಂಡಿಯುದ್ದ ಇರುವಂತೆ ಕಾಣುತ್ತದೆ. ಆದರೆ ಕೆಳಗೆ ಪಾಚಿ ಹಿಡಿದ ಬಂಡೆ, ಬಂಡೆಗಳ ನಡುವೆ ಗುಂಡಿ, ಸುಳಿ ಇರುತ್ತವೆ. ಮೇಲೆ ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ರಜೆಯಲ್ಲಿ ನಮ್ಮ ವಯಸ್ಸಿನ ಹುಡುಗರು ನದಿಯಲ್ಲಿ ಮುಳುಗಿದ ಸುದ್ದಿಯನ್ನು ಪ್ರತಿ ಬೇಸಿಗೆಯೂ ಪತ್ರಿಕೆಯಲ್ಲಿ ಓದುತ್ತೇವೆ. ಒಬ್ಬನನ್ನು ಎಳೆಯಲು ಹೋದ ಇನ್ನೊಬ್ಬನೂ ಹೋಗುತ್ತಾನೆ. ದಡದಲ್ಲಿ ಕೂತು ನೋಡಿದರೂ ನದಿ ಅಷ್ಟೇ ಚೆಂದ.

ತಂದ ಕಸವನ್ನು ವಾಪಸ್ ತನ್ನಿ. ನಾವು ಒಂದು ಖಾಲಿ ಅಕ್ಕಿ ಚೀಲ ಇಟ್ಟುಕೊಂಡಿದ್ದೆವು.

ಅಂದು ರಾತ್ರಿ ಊಟಕ್ಕೆ ಕೂತಾಗ ದಾದಿ ಕೇಳಿದರು, ಕಾರಂಜಿ ಕೆರೆಯಲ್ಲಿ ಕೂರಲು ಬೆಂಚುಗಳಿವೆಯೇ ಎಂದು. ಇವೆ ಎಂದೆ. ಅಬ್ಬಾ ಏನೂ ಹೇಳಲಿಲ್ಲ. ಮಲಗುವ ಮುಂಚೆ ನನ್ನ ನೋಟ್‌ಬುಕ್ ಕೇಳಿ ತೆಗೆದುಕೊಂಡು, ಹೊಸ ಹಾಳೆಯ ಮೊದಲ ಸಾಲಿನಲ್ಲಿ ಅವರೇ ಬರೆದರು: ಅರ್ಧ ದಿನ, 450.

ನಿಮಗೂ ನಿಮ್ಮ ಮನೆಯವರಿಗೂ ರಜೆ ಸುಖವಾಗಿ ಕಳೆಯಲಿ. ಇನ್ಶಾ ಅಲ್ಲಾಹ್, ಜೂನ್‌ನಲ್ಲಿ ದ್ವಿತೀಯ ಪಿಯುಸಿ ತರಗತಿಯಲ್ಲಿ ಭೇಟಿಯಾಗೋಣ. ನಿಮ್ಮ ಲೆಕ್ಕವನ್ನೂ ತನ್ನಿ.